ಸ್ನೋಕ್ವಾಲ್ಮಿ ಕಣಿವೆಯಲ್ಲಿ ನಾನು ಕಂಬವಾದದ್ದು

ವಿಮಾನ ನಿಲ್ದಾಣ

ಸಿಯಾಟಲ್‌ನಲ್ಲಿ ನನ್ನ ಮೊದಲ ಜಗಳ ಕರಿಬೇವಿನ ಸಲುವಾಗಿ ಆಯಿತು. ಜಗಳವೆಂದರೆ ಎರಡು ಕಡೆಯಿಂದಲೂ ಮಾತು ಬರಬೇಕು. ಇಲ್ಲಿ ಎದುರಿನವನು ಬಾಯಲ್ಲಿ ಆಡಿದ, ನಾನು ಮನಸ್ಸಿನಲ್ಲಿ ಆಡಿದೆ. ನನ್ನ ಪೆಟ್ಟಿಗೆ ಬಿಚ್ಚಿಸಿದ ಅಧಿಕಾರಿ ನೀಲಿ ಕೈಗವಸು ತೊಟ್ಟು, ತುಮಕೂರಿನ ನಮ್ಮ ಹಿತ್ತಲಿನಿಂದ ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದ ಕರಿಬೇವಿನ ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯ ಬಾಲ ಹಿಡಿದವನಂತೆ ಮೈಯಿಂದ ದೂರ ಹಿಡಿದುಕೊಂಡ.

"ಇದೇನು?"

"ಎಲೆ."

"ಯಾವ ಎಲೆ?"

"ಒಗ್ಗರಣೆ ಎಲೆ."

ಇದರಲ್ಲಿ ಹುಳು ಅಡಗಿರಬಹುದು, ಆ ಹುಳು ಇಲ್ಲಿಯ ತೋಟಗಳನ್ನು ಹಾಳು ಮಾಡಬಹುದು ಎಂದು ಅವನು ವಿನಯದಿಂದ ವಿವರಿಸಿ, ನನ್ನ ಕರಿಬೇವನ್ನು ಸಕಲ ಸರ್ಕಾರಿ ಗೌರವಗಳೊಂದಿಗೆ ಕಸದ ಡಬ್ಬಕ್ಕೆ ಹಾಕಿದ. ಅವನು ಮಾಡಿದ್ದು ಸರಿ. ಅದೇ ನನಗೆ ಸಿಟ್ಟು ತರಿಸಿದ್ದು. ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ: ನಾನು ತುಮಕೂರಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ಹೋಟೆಲುಗಳ ಹಿಂಬಾಗಿಲಿನಿಂದ ನುಗ್ಗಿ, ಹಳಸಿದ ಚಟ್ನಿಯನ್ನು ಕೊಳಗದ ಸಮೇತ ಮೋರಿಗೆ ಸುರಿಸಿ, ಮಾಲೀಕರ ಶಾಪವನ್ನು ಸಂಬಳದ ಜೊತೆಗೆ ಪಡೆಯುತ್ತಿದ್ದವನು. ಕಾನೂನು ಎಷ್ಟೇ ಸರಿಯಾಗಿದ್ದರೂ ನಮ್ಮ ಪೆಟ್ಟಿಗೆಯೊಳಗೇ ಕೈಹಾಕಿದಾಗ ಅದರ ಮುಖ ಬೇರೆಯಾಗಿ ಕಾಣುತ್ತದೆ.

ಹೊರಗೆ ನನ್ನ ತಮ್ಮನ ಮಗಳು ವೀಣಾ ಕಾಯುತ್ತಿದ್ದಳು. ಕಾಲಿಗೆ ನಮಸ್ಕಾರ ಮಾಡಿದವಳು ಇನ್ನೂ ಪೂರ್ತಿ ಮೇಲೇಳುವ ಮೊದಲೇ ಕೇಳಿದಳು.

"ದೊಡ್ಡಪ್ಪ, ಕರಿಬೇವು ತಂದ್ರಾ?"

"ತಂದೆ. ಒಳಗೆ ಹಿಡ್ಕೊಂಡಿದಾರೆ. ಜಾಮೀನು ಸಿಗೋ ಹಾಗೆ ಕಾಣಲ್ಲ."

ಈಸ್ಟ್‌ಗೇಟ್

ವೀಣಾಳ ಮನೆ ಈಸ್ಟ್‌ಗೇಟ್‌ನಲ್ಲಿ, ಹೆದ್ದಾರಿಯ ಮಗ್ಗುಲಲ್ಲಿ. ಹಗಲೆಲ್ಲ ದೂರದ ಜಲಪಾತದಂತೆ ಒಂದು ಸದ್ದು. ಅದು ವಾಹನಗಳದ್ದೆಂದು ತಿಳಿಯುವ ತನಕ ಚೆನ್ನಾಗಿತ್ತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಎದುರು ಮನೆಯವನು ದಿನವೂ ಕೈ ಬೀಸುತ್ತಾನೆ. ನಾನು ರಸ್ತೆ ದಾಟಿ ಮಾತಾಡಿಸಲು ಹೋದರೆ ಗಾಬರಿಯಾಗಿ ಗ್ಯಾರೇಜಿನ ಬಾಗಿಲು ಇಳಿಸಿಕೊಳ್ಳುತ್ತಾನೆ. ಫ್ರಿಜ್ಜಿನಲ್ಲಿ ಪ್ರತಿ ಡಬ್ಬಿಯ ಮೇಲೂ ಹುಟ್ಟಿದ ದಿನ ಬರೆದ ಚೀಟಿ. ಮೊಸರಿಗೂ ಜಾತಕವಿರುವ ಮನೆ. ವೀಣಾಳ ಮಗಳಿಗೆ ನಾನು "ಊಟ ಆಯ್ತೇನಮ್ಮ?" ಎಂದರೆ ಅವಳು ಪೂರ್ತಿ ಅರ್ಥವಾದವಳಂತೆ ತಲೆಯಾಡಿಸಿ "ಯಾ, ಐ ಏಟ್" ಎನ್ನುತ್ತಾಳೆ. ನಮ್ಮಿಬ್ಬರ ನಡುವೆ ಇದಕ್ಕಿಂತ ದೊಡ್ಡ ತೊಂದರೆಯೇನೂ ಬರಲಿಲ್ಲ.

ವೀಣಾಳ ಕೆಲಸ ಸಣ್ಣ ರೈತರಿಗೆ ಆಹಾರ ಸುರಕ್ಷತೆಯ ತರಬೇತಿ ಕೊಡುವುದು. ಸೊಪ್ಪನ್ನು ಹೇಗೆ ತೊಳೆಯಬೇಕು, ಕೈಯನ್ನು ಯಾವಾಗ ತೊಳೆಯಬೇಕು, ಯಾರು ಹೊಲಕ್ಕೆ ಇಳಿಯಬಾರದು, ಇಂಥವು. ಅಂದರೆ ಪರರ ಕೊಳಗದಲ್ಲಿ ಇಣುಕುವ ವೃತ್ತಿ ನಮ್ಮ ವಂಶದಲ್ಲಿ ಎರಡನೆಯ ತಲೆಮಾರಿಗೆ ಇಳಿದಿದೆ. ಈ ಸಲದ ತರಬೇತಿ ಹ್ಮಾಂಗ್ ಜನರಿಗೆ ಎಂದಳು. ಲಾವೋಸ್ ದೇಶದ ಬೆಟ್ಟಗಳವರು. ಅಲ್ಲಿಯ ಯುದ್ಧ ಮುಗಿದ ಮೇಲೆ ದಿಕ್ಕಾಪಾಲಾಗಿ, ಶಿಬಿರಗಳಲ್ಲಿ ಕೊಳೆತು, ಕೊನೆಗೆ ಇಲ್ಲಿಗೆ ಬಂದು ಹೂವು, ಸೊಪ್ಪು ಬೆಳೆದು ಸಂತೆಗಳಲ್ಲಿ ಮಾರುತ್ತ ನೆಲೆ ನಿಂತವರು.

"ಚೂ ಅಂತ ಒಬ್ರು ಹಿರಿಯರಿದಾರೆ ದೊಡ್ಡಪ್ಪ. ಅವರು, ಅವರ ಹೆಂಡತಿ, ಇಬ್ಬರು ತಮ್ಮಂದಿರು, ಎಲ್ಲ ಸೇರಿ ಒಂದೇ ಹೊಲ ಮಾಡ್ತಾರೆ. ನೆಲ ಒಂದು ಟ್ರಸ್ಟಿಂದು, ಗುತ್ತಿಗೆ ಚೂ ಹೆಸರಲ್ಲಿದೆ. ಈ ವರ್ಷದಿಂದ ಸರ್ಟಿಫಿಕೇಟ್ ಇದ್ದೋರಿಗೆ ಮಾತ್ರ ನೆಲ ಅಂತ ರೂಲ್ ಮಾಡಿಬಿಟ್ಟಿದಾರೆ."

"ಇಲ್ದೇ ಹೋದ್ರೆ?"

"ಕಾಯ್ತಿರೋರು ತುಂಬಾ ಜನ ಇದಾರೆ. ನೆಲ ಅವರಿಗೆ ಹೋಗತ್ತೆ."

ಅವಳ ಮುಖದಲ್ಲಿ ಆತಂಕವಿತ್ತು. ನನ್ನನ್ನೂ ಕರೆದಳು. ಬಾಯಿ ಮುಚ್ಚಿಕೊಂಡು ಕೂರುವುದಾದರೆ ಎಂಬ ಷರತ್ತು ಮಾತ್ರ ಇತ್ತು. ನಾನು ಒಪ್ಪಿದೆ. ಕರಿಬೇವಿನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಎಲ್ಲಾದರೂ ಇಳಿಸಬೇಕಿತ್ತು.

ಫ್ಯಾಕ್ಟೋರಿಯಾ

ತರಬೇತಿ ಕೊಡುವವರಿಗೇ ಮೊದಲೊಂದು ತರಬೇತಿ. ಫ್ಯಾಕ್ಟೋರಿಯಾದ ಒಂದು ಕಚೇರಿಯಲ್ಲಿ ನಡೆಯಿತು. ನಡೆಸಿದವಳು ವೀಣಾಳ ಮೇಲಧಿಕಾರಿ ಡೋನಾ. ಒಳ್ಳೆಯ ಹೆಂಗಸು. ಇಷ್ಟು ಒಳ್ಳೆಯವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ. ಕೆಟ್ಟವರಿಗೆ ಎದುರು ಹೇಳಬಹುದು, ಇವರಿಗೆ ಹೇಳಿದರೆ ನಾವೇ ಕೆಟ್ಟವರಾಗುತ್ತೇವೆ. ಅಲ್ಲಿ ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ನಮ್ಮ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ.

ಪರದೆಯ ಮೇಲೆ ಮೊದಲು ಒಂದು ಆನೆ ಬಂತು.

"ಈ ಜನ ಆನೆ ಸಾಕ್ತಾರೇನಮ್ಮ?" ಎಂದು ವೀಣಾಳ ಕಿವಿಯಲ್ಲಿ ಕೇಳಿದೆ.

"ಇಲ್ಲ ದೊಡ್ಡಪ್ಪ. ಲಾವೋಸ್ ಅಂದ್ರೆ ಆನೆ ಅಂತ ಹಾಕಿದಾರೆ. ಸುಮ್ನಿರಿ."

ಆನೆ ಹೋಗಿ ಉಪದೇಶಗಳು ಬಂದವು. ಮಕ್ಕಳ ತಲೆ ಸವರಬೇಡಿ. ಕೂಸನ್ನು ಚೆಂದ ಎಂದು ಹೊಗಳಬೇಡಿ. ಹಿರಿಯರಿಗೆ ಮೊದಲು ನಮಸ್ಕರಿಸಿ. ಊಟ ಹಂಚಿಕೊಳ್ಳುವುದು ಅವರಲ್ಲಿ ಗೌರವದ ಗುರುತು, ಅದನ್ನು ಮನ್ನಿಸಿ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇದು ನಮ್ಮ ಅಜ್ಜಿಯ ದೈನಂದಿನ ಗೊಣಗಾಟ. ಅವಳು ಹಿತ್ತಲಲ್ಲಿ ಕೂತು ಬಿಟ್ಟಿಯಾಗಿ ಹೇಳುತ್ತಿದ್ದದ್ದನ್ನು ಇವರು ಬಣ್ಣದ ಚಿತ್ರ ಹಾಕಿ, ಕಾಫಿ ಬಿಸ್ಕತ್ತು ಕೊಟ್ಟು, ಸಾಂಸ್ಕೃತಿಕ ಸೂಕ್ಷ್ಮತೆ ಎಂಬ ಘನವಾದ ಹೆಸರಿಟ್ಟು ಕಲಿಸುತ್ತಿದ್ದರು.

ಕೊನೆಗೆ ಡೋನಾ ಶುಭ ಸಮಾಚಾರ ಹೇಳಿದಳು. ಅನುವಾದಕ್ಕೆ ಹೊರಗಿನವರನ್ನು ಹುಡುಕಬೇಕಾಗಿಲ್ಲ, ಚೂ ಅವರ ಸೊಸೆ ಪಾ ಒಪ್ಪಿಕೊಂಡಿದ್ದಾಳೆ. ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. "ಮನೆಯವರೇ ಇದ್ದರೆ ಎಷ್ಟು ಸಹಜವಾಗಿರುತ್ತೆ, ಅಲ್ವಾ? ನೆನಪಿಡಿ, ಅನುವಾದಕಿ ಅಂದರೆ ಕಿಟಕಿ ಗಾಜಿದ್ದ ಹಾಗೆ. ನಾವು ಅವಳ ಮೂಲಕ ನೋಡಬೇಕು, ಅವಳನ್ನು ನೋಡಬಾರದು."

ಎಲ್ಲರೂ ಗಾಜನ್ನು ಬರೆದುಕೊಂಡರು. ಸೊಸೆ ಎಂಬ ಮಾತು ಯಾರ ಕಿವಿಗೂ ತಾಗಲಿಲ್ಲ. ನನ್ನ ಕಿವಿಗೂ, ಆಗ.

ಕಾರ್ನೇಶನ್ ಊರಿನಾಚೆಯ ಹೊಲ

ಬೆಟ್ಟ ಇಳಿದು ಸ್ನೋಕ್ವಾಲ್ಮಿ ಕಣಿವೆಗೆ ಬಂದರೆ ನದಿಯ ಮಗ್ಗುಲಲ್ಲಿ ಕಪ್ಪು ಮಣ್ಣಿನ ಹೊಲಗಳು. ಮುಷ್ಟಿಯಷ್ಟು ದಪ್ಪದ ಪಿಯೋನಿ ಮೊಗ್ಗುಗಳು ಸಾಲು ಸಾಲಾಗಿ ನಿಂತಿದ್ದವು. ಆ ಹೂವು ಅರಳುವುದು ವರ್ಷದಲ್ಲಿ ಇದೊಂದು ಹೊತ್ತಿನಲ್ಲಿ. ಮೊಗ್ಗು ಮೆತ್ತಗಾದ ಗಳಿಗೆಯಲ್ಲೇ ಕುಯ್ಯಬೇಕು, ಬಿಸಿಲೇರಿದರೆ ಅರಳಿ ಹಾಳು. ಮರುದಿನ ಸಂತೆ. ಅಂಥ ದಿನವನ್ನೇ ಸೂಕ್ಷ್ಮ ಸಂವೇದನೆಯ ಸಂಸ್ಥೆಯವರು ಆರಿಸಿದ್ದರು. ದಸರಾ ಹಿಂದಿನ ದಿನ ಮೈಸೂರಿನ ಹೂವಾಡಗಿತ್ತಿಯರನ್ನೆಲ್ಲ ಕಲಾಮಂದಿರಕ್ಕೆ ಕರೆದು ಭಾಷಣ ಮಾಡಿದಂತೆ.

ಚೂ ಗಿಡ್ಡ ಆಳು, ಬಿಸಿಲಿಗೆ ಸುಟ್ಟ ಮುಖ, ಕುತ್ತಿಗೆ ಮುಚ್ಚುವ ಟೋಪಿ. ಡೋನಾ ನಡುಬಗ್ಗಿಸಿ ಮಾಡಿದ ನಮಸ್ಕಾರವನ್ನು ಒಂದು ಹೂಂಕಾರದಲ್ಲಿ ಸ್ವೀಕರಿಸಿ, ಮತ್ತೆ ಹೂವಿನ ಕಡೆ ನೋಡಿದರು. ಸೊಪ್ಪು ತೊಳೆಯುವ ಚಪ್ಪರದಲ್ಲಿ ದೊಡ್ಡ ನೀಲಿ ತೊಟ್ಟಿ ಒಂದೇ. ಬಟಾಣಿ ಕುಡಿ, ಸಾಸಿವೆ ಸೊಪ್ಪು, ಕೊತ್ತಂಬರಿ, ಎಲ್ಲ ಅದೇ ನೀರಿನಲ್ಲಿ ಮುಳುಗಿ ಏಳುತ್ತಿದ್ದವು. ನನ್ನೊಳಗಿನ ಹೆಲ್ತ್ ಇನ್‌ಸ್ಪೆಕ್ಟರ್ ಎದ್ದು ಕೂತ. ಒಂದು ಕಟ್ಟಿನಲ್ಲಿ ಕೊಳೆಯಿದ್ದರೆ ಎಲ್ಲ ಕಟ್ಟಿಗೂ ಪ್ರಸಾದ ವಿನಿಯೋಗವಾಗುವ ವ್ಯವಸ್ಥೆ ಅದು. ಸುಳ್ಳೇಕೆ, ಈ ಮನುಷ್ಯರಿಗೆ ಪಾಠ ಬೇಕೇ ಬೇಕಿತ್ತು.

ಪಾ ರಜೆ ಹಾಕಿ ಬಂದಿದ್ದಳು. ಬಂದವಳೇ ತನ್ನ ಕುರ್ಚಿಯನ್ನು ಪಕ್ಕಕ್ಕೆ ಎಳೆದು, ಮುಖ ಅತ್ತೆಯ ಕಡೆಗೆ, ಭುಜ ಮಾವನ ಕಡೆಗೆ ಬರುವಂತೆ ಕೂತಳು. ಡೋನಾ ನಗುತ್ತ ಹೋಗಿ ಆ ಕುರ್ಚಿಯನ್ನು ಸೊಸೆಯ ಸಮೇತ ತಿರುಗಿಸಿ ಚೂ ಅವರ ಎದುರಿಗೇ ಇಟ್ಟಳು. ಕಣ್ಣಿಗೆ ಕಣ್ಣು ಸೇರಿದರೆ ಸಂವಹನ ಚೆನ್ನಾಗಿ ಆಗುತ್ತದಂತೆ. ಪಾ ನೆಲ ನೋಡಿದಳು. ಚೂ ಚಪ್ಪರದ ಮಾಡು ನೋಡಿದರು. ಸಂವಹನ ಪ್ರಾರಂಭವಾಯಿತು.

ಮಣ್ಣು, ಗೊಬ್ಬರ, ನೀರು ಮುಗಿಯುವ ತನಕ ಎಲ್ಲ ಸರಿಯಿತ್ತು. ಡೋನಾ ಎಷ್ಟು ಮಾತಾಡಿದಳೋ ಪಾ ಕೂಡ ಅಷ್ಟೇ ಮಾತಾಡುತ್ತಿದ್ದಳು. ಆಮೇಲೆ ಡೋನಾ ಒಂದು ಹಲಗೆ ಎತ್ತಿ ಹಿಡಿದಳು. ಅದರ ಮೇಲೆ ಪಾಯಖಾನೆಯ ಚಿತ್ರ. ಅದಕ್ಕೆ ಕಣ್ಣು ಮೂಗು ಬರೆದು, ನಗುವ ಬಾಯಿ ಬೇರೆ ಕೊಟ್ಟಿದ್ದರು. ಭೇದಿ ಹೇಗೆ ಬರುತ್ತದೆ, ಅದರಲ್ಲಿ ಏನಿರುತ್ತದೆ, ಅದು ಕೈಗೆ ಹೇಗೆ ಹತ್ತಿ, ಕೈಯಿಂದ ಸೊಪ್ಪಿಗೆ ಹೇಗೆ ಹತ್ತುತ್ತದೆ ಎಂದು ಅವಳು ಒಂದು ಪುರಾಣವನ್ನೇ ಹೇಳಿದಳು. ಪಾ ಕಿವಿಯ ತನಕ ಕೆಂಪಾಗಿ, ತನ್ನ ಮೊಣಕಾಲಿಗೆ ಎರಡೇ ಎರಡು ಮಾತು ಹೇಳಿ ಮುಗಿಸಿದಳು. ಚೂ ತಲೆಯಾಡಿಸಿದರು.

"ಹ್ಮಾಂಗ್ ಭಾಷೆ ಎಷ್ಟು ಅಡಕವಾಗಿದೆ," ಎಂದು ಡೋನಾ ಮೆಚ್ಚಿಕೊಂಡಳು.

ಊಟದ ಮೇಜು

ಮಧ್ಯಾಹ್ನ ಚೂ ಅವರ ಹೆಂಡತಿ ಮನೆಯಿಂದ ಹೊತ್ತು ತಂದಿದ್ದ ಪಾತ್ರೆಗಳನ್ನು ಬಿಚ್ಚಿ ಮೇಜಿನ ಮೇಲೆ ಜೋಡಿಸಿದರು. ಗಿಡಮೂಲಿಕೆ ಹಾಕಿ ಬೇಯಿಸಿದ ಕೋಳಿ, ಹಬೆಯಾಡುವ ಅಂಟು ಅನ್ನ, ಕುಟ್ಟಿದ ಹಸಿಮೆಣಸಿನಕಾಯಿ, ಬೆಂದ ಸೊಪ್ಪು. ಬಂದವರೆಲ್ಲರಿಗೂ ಆಗಿ ಮಿಗುವಷ್ಟು. ಆಕೆ ಬೆಳಗಿನ ಜಾವಕ್ಕೇ ಎದ್ದಿರಬೇಕು.

ಡೋನಾ ಎರಡೂ ಕೈ ಎದೆಯ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಇದು ಎಂಥ ದೊಡ್ಡ ಗೌರವ ಎಂದಳು. ನಂತರ ಅದೇ ಉಸಿರಿನಲ್ಲಿ, ಈ ಅಡುಗೆ ಪರವಾನಗಿಯಿರುವ ಅಡುಗೆಮನೆಯಲ್ಲಿ ಆದದ್ದಲ್ಲ, ಆಹಾರ ಸುರಕ್ಷತೆಯ ತರಬೇತಿಯಲ್ಲಿ ನಾವೇ ನಿಯಮ ಮುರಿಯುವಂತಿಲ್ಲ, ಆದ್ದರಿಂದ ಕ್ಷಮಿಸಿ ಎಂದಳು. ಕಾರಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸ್ಯಾಂಡ್‌ವಿಚ್ಚುಗಳು ಬಂದವು. ಇದನ್ನು ಮಾತ್ರ ಪಾ ಪೂರ್ತಿಯಾಗಿ, ಸ್ಪಷ್ಟವಾಗಿ ಅನುವಾದ ಮಾಡಿದಳು. ಆಕೆಯ ಅತ್ತೆ ಪಾತ್ರೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

ಈ ಶಾಸ್ತ್ರ ನನಗೆ ಹೊಸತಲ್ಲ. ನಮ್ಮ ಅಜ್ಜಿ ಒದ್ದೆ ಸೀರೆಯುಟ್ಟು, ನಿಮ್ಮ ಮನೆಯ ನೀರು ನಮಗಾಗದು ಎನ್ನುತ್ತಿದ್ದಳು. ಎದುರಿನವರನ್ನು ಇಷ್ಟು ಹೊಗಳಿ ಹೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಮಡಿಗೆ ಒದ್ದೆ ಸೀರೆಯೂ ಆಗುತ್ತದೆ, ನೀಲಿ ಕೈಗವಸೂ ಆಗುತ್ತದೆ. ನನ್ನ ಮೈ ಉರಿಯಿತು. ಎದ್ದು ಹೋಗಿ ತಟ್ಟೆ ಹಿಡಿದು ನಿಂತೆ. ಆಕೆಯ ಮುಖ ಅರಳಿತು. ದೊಡ್ಡ ಕೋಳಿ ತುಂಡೊಂದನ್ನು ಎತ್ತಿದರು.

ಆಗ ನೆನಪಾಯಿತು, ನಾನು ಕೋಳಿ ತಿನ್ನುವುದಿಲ್ಲ.

ವೀರಾವೇಶದಲ್ಲಿ ಹೊರಟವನ ಪಂಚೆ ಮೊಳೆಗೆ ಸಿಕ್ಕಿಕೊಂಡ ಹಾಗಾಯಿತು. ನಾನೂ ಎರಡೂ ಕೈ ಎದೆಯ ಮೇಲಿಟ್ಟುಕೊಂಡೆ. ಪಾ ಏನೋ ಹೇಳಿದಳು. ಅತ್ತೆ ಗಟ್ಟಿಯಾಗಿ ನಕ್ಕು, ಕೋಳಿಯನ್ನು ಹಿಂದಕ್ಕೆ ಹಾಕಿ, ಬೆಂದ ಸೊಪ್ಪನ್ನು ನೀರಿನ ಸಮೇತ ತಟ್ಟೆ ತುಂಬ ಬಡಿಸಿದರು. ಅದಕ್ಕೆ ಉಪ್ಪಿಲ್ಲ, ಹುಳಿಯಿಲ್ಲ, ಒಗ್ಗರಣೆಯ ಸುಳಿವಿಲ್ಲ. ಅವರು ಅದನ್ನು ಹಾಗೆಯೇ ತಿನ್ನುವುದಂತೆ. ವಿಮಾನ ನಿಲ್ದಾಣದ ಕಸದ ಡಬ್ಬವನ್ನು ನೆನೆಯುತ್ತ ಪೂರ್ತಿ ತಿಂದೆ. ಎರಡನೆಯ ಸಲವೂ ಬಡಿಸಿದರು.

ವೀಣಾ ತಲೆ ತಗ್ಗಿಸಿಕೊಂಡು ಸ್ಯಾಂಡ್‌ವಿಚ್ ಕಚ್ಚುತ್ತಿದ್ದಳು. ನಾನು ಅವಳ ಕಡೆ ನೋಡಿದೆ.

"ಹಾಗೆ ನೋಡ್ಬೇಡಿ ದೊಡ್ಡಪ್ಪ. ನನ್ನ ಕೆಲಸ ಇದು."

"ನಾನೇನೂ ಅಂದಿಲ್ವಲ್ಲಮ್ಮ. ಬಾಯಿ ತುಂಬಾ ಸೊಪ್ಪಿದೆ."

ಪರೀಕ್ಷೆ

ಪರೀಕ್ಷೆ ಬಾಯಿಮಾತಿನದು. ಗುತ್ತಿಗೆ ಚೂ ಹೆಸರಿನಲ್ಲಿದ್ದದ್ದರಿಂದ ಎಲ್ಲರ ಪರವಾಗಿ ಅವರೇ ಉತ್ತರಿಸಬೇಕು. ಗೊಬ್ಬರದ ಪ್ರಶ್ನೆಗೆ ಸರಿಯಾಗಿ ಹೇಳಿದರು. ನೀರಿನ ಪ್ರಶ್ನೆಗೆ ಸುಮಾರಾಗಿ ಹೇಳಿದರು. ತೊಟ್ಟಿಯ ಪ್ರಶ್ನೆಗೆ, ಇನ್ನೊಂದು ತೊಟ್ಟಿ ಇಟ್ಟರೆ ಅದನ್ನು ತುಂಬುವವರು ಯಾರು ಎಂದು ಸಿಡುಕಿ, ಕೊನೆಗೆ ಒಪ್ಪಿಕೊಂಡರು. ಇದೊಂದರಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಪ್ರಯೋಜನವಿಲ್ಲ ಎನ್ನುವ ಪ್ರಶ್ನೆ ಕೊನೆಗೆ ಬಂತು: ಹೊಲದಲ್ಲಿ ಕೆಲಸ ಮಾಡುವವನಿಗೆ ಭೇದಿಯಾಗುತ್ತಿದ್ದರೆ ಏನು ಮಾಡಬೇಕು?

ಪಾ ಮತ್ತೆ ಮೊಣಕಾಲಿಗೆ ಎರಡು ಮಾತು ಹೇಳಿದಳು. ಚೂ ಯೋಚಿಸಲೂ ಇಲ್ಲ. ಉದ್ದವಾಗಿ, ಕೈ ಬೀಸಿ, ಉತ್ಸಾಹದಿಂದ ಉತ್ತರಿಸಿದರು. ಪಾ ಅದನ್ನು ಇಂಗ್ಲಿಷಿಗೆ ತಂದಳು.

"ಕೆಲಸ ಮಾಡಬೇಕು ಅಂತಾರೆ. ಮೈ ಹುಷಾರಿಲ್ಲ ಅಂತ ಮಲಗಿದರೆ ಸೊಪ್ಪು ಕೀಳೋರು ಯಾರು? ಬೆವರಿದರೆ ತಾನಾಗೇ ಹೋಗುತ್ತೆ. ಅವರ ತಂದೆ ಹಾಗೇ ಮಾಡ್ತಿದ್ದರು, ಅವರೂ ಹಾಗೇ ಮಾಡೋದು."

ಡೋನಾ ಲೇಖನಿ ಕೆಳಗಿಟ್ಟಳು. ಮುಖದಲ್ಲಿ ನಿಜವಾದ ದುಃಖವಿತ್ತು. ನಮ್ಮನ್ನು ಆಚೆ ಕರೆದು ಮೆತ್ತಗೆ ಹೇಳಿದಳು: "ತೇರ್ಗಡೆ ಮಾಡೋಕೆ ಆಗಲ್ಲ. ಅವರ ಸಂಸ್ಕೃತಿಯಲ್ಲಿ ಕಾಯಿಲೆ, ಶುಚಿತ್ವ ಇದರ ಕಲ್ಪನೆಯೇ ಬೇರೆ. ನಾವು ಅದನ್ನು ಗೌರವಿಸಬೇಕು."

ನಾನು ನನ್ನ ಸೇವಾವಧಿಯಲ್ಲಿ ಎಷ್ಟೋ ಜನರನ್ನು ಬೈದಿದ್ದೇನೆ, ಬೈಸಿಕೊಂಡಿದ್ದೇನೆ. ನಿನ್ನ ಅಡುಗೆಮನೆ ಕೊಳಕು ಎಂದು ಮುಖಕ್ಕೆ ಹೇಳಿ ಬೀಗ ಹಾಕಿದ್ದೇನೆ. ನಿನ್ನ ಕೊಳಕು ನಿನ್ನ ಕುಲದ ಹೆಮ್ಮೆ, ಅದಕ್ಕೆ ಕೈಮುಗಿದು ಬೀಗ ಹಾಕುತ್ತಿದ್ದೇನೆ ಎಂದು ಯಾರಿಗೂ ಹೇಳಿಲ್ಲ. ಈ ಮನುಷ್ಯನನ್ನು ಮೂರ್ಖ ಎಂದಿದ್ದರೆ ಅವನು ತಿರುಗಿ ಬೈಯಬಹುದಿತ್ತು. ಗೌರವಿಸಿ ನೆಲ ಕಿತ್ತುಕೊಂಡರೆ ಬೈಯುವುದು ಯಾರನ್ನು?

"ಆನೆ," ಎಂದೆ ಕನ್ನಡದಲ್ಲಿ. ಅದಕ್ಕಿಂತ ಒಳ್ಳೆಯ ಬೈಗುಳ ತಕ್ಷಣಕ್ಕೆ ಹೊಳೆಯಲಿಲ್ಲ.

"ದೊಡ್ಡಪ್ಪ, ಪ್ಲೀಸ್," ಎಂದಳು ವೀಣಾ. ಅವಳಿಗೂ ಸಿಟ್ಟು ಬಂದಿತ್ತು. ನನ್ನ ಮೇಲಲ್ಲ.

ನಲ್ಲಿಯ ಹತ್ತಿರ

ಕೈ ತೊಳೆಯುವ ನೆಪದಲ್ಲಿ ಪಾ ನಲ್ಲಿಯ ಹತ್ತಿರ ನಿಂತಿದ್ದಳು. ಅಳುತ್ತಿದ್ದಳೋ ಮುಖ ತೊಳೆಯುತ್ತಿದ್ದಳೋ ನಾನು ವಿಚಾರಿಸಲಿಲ್ಲ. ನಾನೂ ಕೈ ಒಡ್ಡಿದೆ.

"ಬೆಳಿಗ್ಗೆ ಗೊಬ್ಬರದ ಪಾಠವನ್ನು ಉದ್ದಕ್ಕೆ ಹೇಳಿದೆ," ಎಂದೆ. "ಆ ನಗುವ ಪಾಯಖಾನೆಯ ಪಾಠ ಮಾತ್ರ ಗಿಡ್ಡವಾಯ್ತಲ್ಲಮ್ಮ."

ಅವಳು ನಲ್ಲಿ ನಿಲ್ಲಿಸಿದಳು. "ನಾನು ಹುಷಾರಿಲ್ಲದಿದ್ದರೆ ಅಂದೆ. ಅಷ್ಟೇ ಅಂದೆ. ಅವರು ನನ್ನ ಗಂಡನ ತಂದೆ, ಅಂಕಲ್. ಪಕ್ಕದಲ್ಲಿದ್ದವರು ಅವರ ತಮ್ಮಂದಿರು, ಅವರೂ ಮಾವಂದಿರೇ. ಮದುವೆಯಾದ ಮೇಲೆ ನಾನು ಅವರ ಮುಖ ನೋಡಿ ಊಟಕ್ಕೆ ಬನ್ನಿ ಅಂತಲೂ ಕರೆದವಳಲ್ಲ. ಎದುರಿಗೆ ಕೂತು ಭೇದಿ ಅನ್ನಲಾ?"

"ಒಲ್ಲೆ ಅಂತ ಡೋನಾಗೆ ಹೇಳಬಹುದಿತ್ತು."

"ಫೋನ್ ಮಾಡಿ ಕೇಳಿದಾಗ ತರಕಾರಿ ತೊಳೆಯೋದರ ಬಗ್ಗೆ ಅಂದರು. ತರಕಾರಿ ಬಗ್ಗೆ ಮಾವನ ಹತ್ತಿರ ಮಾತಾಡಬಹುದು ಅಂದುಕೊಂಡೆ." ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹೇಳಿದಳು: "ಈಗ ನನ್ನಿಂದ ನೆಲ ಹೋಯಿತು. ಮಾವನಿಗೆ ತಾವು ಏನು ತಪ್ಪು ಹೇಳಿದರು ಅಂತಲೂ ಗೊತ್ತಿಲ್ಲ."

ನನಗೆ ಡೋನಾಳ ಮೇಲಿದ್ದ ಸಿಟ್ಟು ದುಪ್ಪಟ್ಟಾಯಿತು, ಅರ್ಧ ನನ್ನ ಮೇಲೂ ತಿರುಗಿತು. ಫ್ಯಾಕ್ಟೋರಿಯಾದಲ್ಲಿ ಸೊಸೆ ಎಂಬ ಮಾತು ಕೇಳಿದಾಗ ನಾನು ಬಿಸ್ಕತ್ತು ತಿನ್ನುತ್ತಿದ್ದೆ. ನಮ್ಮ ತಾಯಿ ಬದುಕಿನುದ್ದಕ್ಕೂ ನಮ್ಮ ತಾತನ ಜೊತೆ ನೇರ ಮಾತಾಡಿದ್ದನ್ನು ಕಂಡವನಲ್ಲ ನಾನು. ತಾತ ಜಗಲಿಯಲ್ಲಿ, ತಾಯಿ ನಡುಮನೆಯ ಕಂಬದ ಹಿಂದೆ. ಅವಳು ಹೇಳುತ್ತಿದ್ದದ್ದೆಲ್ಲ ಆ ಕಂಬಕ್ಕೆ. "ಸ್ನಾನಕ್ಕೆ ನೀರು ಕಾದಿದೆ ಕಂಬವೇ" ಎನ್ನುತ್ತಿರಲಿಲ್ಲ, ಆದರೆ ನೋಡುತ್ತಿದ್ದದ್ದು ಅದನ್ನೇ. ತಾತ ಕೇಳಿಸಿಕೊಂಡು ತಮಗೇ ನೀರಿನ ಯೋಚನೆ ಬಂದಂತೆ ಏಳುತ್ತಿದ್ದರು. ಒಮ್ಮೆ ತಾತನಿಗೆ ಹೊಟ್ಟೆ ಕೆಟ್ಟಾಗ, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಬಾರದೆಂಬ ವೈದ್ಯರ ಕಟ್ಟಪ್ಪಣೆಯೂ ಕಂಬದ ಮೂಲಕವೇ ಜಾರಿಯಾಯಿತು. ಆ ಕಂಬ ನಮ್ಮ ಮನೆಯ ಅತ್ಯಂತ ವಿಷಯ ತಿಳಿದ ಸದಸ್ಯ.

ಇದನ್ನೆಲ್ಲ ಪಾಗೆ ಹೇಳಿದೆ. ಅವಳು ಮೊದಲ ಸಲ ನಕ್ಕಳು.

"ಈ ಚಪ್ಪರದಲ್ಲಿ ಕಂಬ ಇಲ್ಲವಲ್ಲ, ಅಂಕಲ್. ಬರೀ ಕಬ್ಬಿಣದ ಪೈಪು."

"ನಾನಿದ್ದೀನಿ," ಎಂದೆ.

ಮತ್ತೆ ಚಪ್ಪರ

ಡೋನಾಳಿಗೆ ಹೇಳುವ ಕೆಲಸ ವೀಣಾ ಮಾಡಿದಳು. ಅವಳನ್ನು ಅಷ್ಟು ಖಾರವಾಗಿ ನಾನು ನೋಡಿರಲಿಲ್ಲ. ತಪ್ಪು ಉತ್ತರ ಚೂ ಅವರದಲ್ಲ, ನಾವು ಆ ಪ್ರಶ್ನೆಯನ್ನು ಅವರಿಗೆ ಕೇಳಿಯೇ ಇಲ್ಲ, ಇನ್ನೊಮ್ಮೆ ಪಾಠ ಮಾಡಿ ಇನ್ನೊಮ್ಮೆ ಕೇಳಬೇಕು, ಇಲ್ಲದಿದ್ದರೆ ತೇರ್ಗಡೆಯಾಗದವರ ಕಡೆ ನನ್ನನ್ನೂ ಸೇರಿಸಿ ಎಂದಳು. ಡೋನಾ ಕಂಗಾಲಾಗಿ, "ಆದರೆ ಮನೆಯವರೇ ಇದ್ದರೆ ಸಹಜವಾಗಿರುತ್ತೆ ಅಂತ..." ಎನ್ನುತ್ತ ಎಲ್ಲರ ಮುಖ ನೋಡಿದಳು. ಯಾರ ಮುಖದಿಂದಲೂ ಸಹಾಯ ಸಿಗದೆ ಒಪ್ಪಿದಳು.

ನಾನು ಸೊಪ್ಪಿನ ಕ್ರೇಟೊಂದನ್ನು ಬೋರಲು ಹಾಕಿ, ಪಾ ಮತ್ತು ಚೂ ಅವರ ನಡುವೆ, ಒಂದಿಷ್ಟು ಪಕ್ಕಕ್ಕೆ ಕೂತೆ. ಪಾ ತನ್ನ ಕುರ್ಚಿಯನ್ನು ತಿರುಗಿಸಿಕೊಂಡು ಮಾವನಿಗೆ ಭುಜ ಕೊಟ್ಟು, ನನ್ನ ಮುಖ ನೋಡಿ, ಹ್ಮಾಂಗ್ ಭಾಷೆಯಲ್ಲಿ ಶುರು ಮಾಡಿದಳು. ಈ ಸಲ ಗಿಡ್ಡವಾಗಿ ಹೇಳಲಿಲ್ಲ. ಡೋನಾಳ ಪುರಾಣಕ್ಕೆ ತನ್ನದೂ ಒಂದೆರಡು ಅಧ್ಯಾಯ ಸೇರಿಸಿದಳು. ಹೊಟ್ಟೆ ಹಿಡಿದುಕೊಂಡು ತೋರಿಸಿದಳು, ಕೈ ತೋರಿಸಿದಳು, ತೊಟ್ಟಿ ತೋರಿಸಿದಳು, ಆ ನೀರು ಕುಡಿದ ಸೊಪ್ಪು ಯಾರ್ಯಾರ ಬಾಯಿಗೆ ಹೋಗುತ್ತದೆಂದು ಎಣಿಸಿದಳು. ತುಮಕೂರಿನ ಅರ್ಧ ಊರಿಗೆ ಭೇದಿಯ ಬಗ್ಗೆ ಭಾಷಣ ಬಿಗಿದವನು ನಾನು, ಒಂದಕ್ಷರ ತಿಳಿಯದ ಭಾಷೆಯಲ್ಲಿ ಅದೇ ಭಾಷಣವನ್ನು ಹೇಳಿಸಿಕೊಳ್ಳುತ್ತ, ಭೇದಿಯ ಸಮಸ್ತ ಅಪರಾಧವೂ ನನ್ನದೇ ಎಂಬಂತೆ ಗಂಭೀರವಾಗಿ ತಲೆಯಾಡಿಸುತ್ತ ಕೂತೆ.

ಚೂ ಹೊಲದ ಕಡೆ ತಿರುಗಿ ಪಿಯೋನಿ ನೋಡುತ್ತಿದ್ದರು. ಆದರೆ ಟೋಪಿಯ ಅಂಚನ್ನು ಕಿವಿಯಿಂದ ಮೇಲಕ್ಕೆ ಸರಿಸಿಕೊಂಡಿದ್ದರು. ನಡುವೆ ಅವರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ತಮ್ಮಂದಿರಲ್ಲೊಬ್ಬರು ಕೆಮ್ಮಿದರು.

ವೀಣಾ ಪ್ರಶ್ನೆ ಕೇಳಿದಳು. ಪಾ ಅದನ್ನು ನನಗೆ ಕೇಳಿದಳು. ಆಮೇಲೆ ಚೂ ಪಿಯೋನಿಯಿಂದ ಕಣ್ಣು ತೆಗೆದು, ನಿಧಾನವಾಗಿ ನನ್ನ ಕಡೆ ತಿರುಗಿ, ಬೆರಳು ನೆಟ್ಟು ನನಗೇ ಹೇಳಿದರು. ಪಾ ಇಂಗ್ಲಿಷಿಗೆ ತಂದಳು.

"ಅಂಥವನು ಮನೆಯಲ್ಲಿ ಇರಬೇಕು ಅಂತಾರೆ. ಪೂರ್ತಿ ವಾಸಿಯಾಗೋ ತನಕ ಹೊಲಕ್ಕೂ ಬರಬಾರದು, ತೊಟ್ಟಿಯ ಹತ್ತಿರಕ್ಕೂ ಬರಬಾರದು. ಇಷ್ಟು ಸಣ್ಣ ವಿಷಯವನ್ನು ಬೆಳಿಗ್ಗೆಯೇ ಯಾಕೆ ಕೇಳಲಿಲ್ಲ, ಹೂವು ಅರಳಿ ಹೋಗ್ತಿದೆ ಅಂತಾರೆ." ಅವಳು ತಡೆದು ಸೇರಿಸಿದಳು: "ಮತ್ತೆ ನಿಮಗೆ ಹೊಟ್ಟೆ ಸರಿಯಿಲ್ಲದಿದ್ದರೆ ಇವತ್ತು ಯಾಕೆ ಬಂದಿರಿ ಅಂತ ಕೇಳ್ತಿದಾರೆ."

ವೀಣಾ ಬೆನ್ನು ತಿರುಗಿಸಿ ನಿಂತಳು. ಅವಳ ಭುಜ ಕುಣಿಯುತ್ತಿತ್ತು. ಡೋನಾ ಸಹಿ ಹಾಕಿದಳು. ನೆಲ ಉಳಿಯಿತು.

ಇಲ್ಲಿಗೆ ನನ್ನ ಸಿಟ್ಟು ಶಮನವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಡೋನಾ ನನ್ನ ಎರಡೂ ಕೈ ಹಿಡಿದು ಕುಲುಕಿ, ಇದು ಅದ್ಭುತ, ಇನ್ನು ಮುಂದೆ ಹ್ಮಾಂಗ್ ಜನರ ಪ್ರತಿ ತರಬೇತಿಯಲ್ಲೂ ಒಬ್ಬ ಹಿರಿಯ ಭಾರತೀಯರನ್ನು ಕ್ರೇಟಿನ ಮೇಲೆ ಕೂರಿಸೋಣ, ನಿಮ್ಮ ಒಂದು ಫೋಟೋ ಸಿಗಬಹುದೇ ಎಂದಳು. ಆ ಚಿತ್ರ ಆನೆಯ ಮುಂಚೆ ಬರುತ್ತದೋ ಆಮೇಲೋ ಎಂದು ಕೇಳಿದೆ. ಅವಳು ಅದನ್ನು ನಿಜವಾಗಿಯೂ ಯೋಚಿಸತೊಡಗಿದಳು. ಪಾಗೆ ಯಾರೂ ಏನೂ ಹೇಳಲಿಲ್ಲ. ಗಾಜನ್ನು ಯಾರೂ ನೋಡಬಾರದಲ್ಲ.

ಹೊರಡುವ ಹೊತ್ತಿಗೆ ಹೂವಿನ ಸಾಲುಗಳಲ್ಲಿ ಎಲ್ಲರೂ ಬಗ್ಗಿ ಓಡಾಡುತ್ತಿದ್ದರು. ಅರ್ಧದಷ್ಟು ಪಿಯೋನಿ ಆಗಲೇ ಬಾಯಿ ಬಿಟ್ಟಿತ್ತು. ಚೂ ನೆಟ್ಟಗೆ ನನ್ನ ಹತ್ತಿರ ಬಂದು, ಸಾಸಿವೆ ಸೊಪ್ಪಿನ ದೊಡ್ಡ ಕಟ್ಟೊಂದನ್ನು ನನ್ನ ಕೈಗೆ ತುರುಕಿದರು. ಪಾ ನಾಲ್ಕು ಹೆಜ್ಜೆ ಆಚೆ, ಹೂವಿನ ಬಕೆಟ್ಟು ಹಿಡಿದು ನಿಂತಿದ್ದಳು. ಮಾವ ಅವಳನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತ, ನನ್ನ ಭುಜದ ಮೇಲೆ ಕೈಯಿಟ್ಟು, ಏನೋ ಹೇಳತೊಡಗಿದರು. ಬಹಳ ಹೊತ್ತು ಹೇಳಿದರು. ಬೆಳಗಿನಿಂದ ಕೇಳಿದ ಆ ಸಿಡುಕು ದನಿ ಅದರಲ್ಲಿರಲಿಲ್ಲ. ಹೇಳುತ್ತ ಹೇಳುತ್ತ ಎವರೆಟ್ ಇರುವ ದಿಕ್ಕಿಗೊಮ್ಮೆ ಕೈ ತೋರಿಸಿದರು, ಚಪ್ಪರಕ್ಕೊಮ್ಮೆ ತೋರಿಸಿದರು, ಕಾಲ ಕೆಳಗಿನ ಮಣ್ಣನ್ನು ಒಮ್ಮೆ ತುಳಿದು ತೋರಿಸಿದರು. ನಾನು ಕಂಬದ ಕರ್ತವ್ಯಕ್ಕೆ ಲೋಪ ಬಾರದಂತೆ ತಲೆಯಾಡಿಸಿದೆ. ಹೇಳಿ ಮುಗಿಸಿ ಅವರು ಹೂವಿನ ಸಾಲಿಗೆ ನಡೆದರು.

ನಾನು ಪಾ ಕಡೆ ತಿರುಗಿದೆ. ಅವಳು ಬಕೆಟ್ಟಿನೊಳಕ್ಕೆ ಮುಖ ಹಾಕಿದ್ದಳು. ಕಿವಿ ಮಾತ್ರ ಕಾಣುತ್ತಿತ್ತು, ಕೆಂಪಗೆ.

"ಏನಂದರಮ್ಮ?"

ಅವಳು ಮೂಗೊರೆಸಿಕೊಂಡಳು.

"ಸೊಪ್ಪು ತೊಳೆದು ತಿನ್ನಿ ಅಂದರು," ಎಂದಳು.